ಮಾವನ ಲೈಸೆನ್ಸಿನ ಖಾಲಿ ಪುಟಗಳು

ನಮ್ಮ ಮಾವನ ಡ್ರೈವಿಂಗ್ ಲೈಸೆನ್ಸು ಅಂಗೈಯಗಲದ ಒಂದು ಪುಸ್ತಕ. ಮುಂದಿನ ಪುಟದಲ್ಲಿ ಅವನ ಫೋಟೋ ಇತ್ತು, ಹಿಂದಿನ ನಾಲ್ಕು ಪುಟಗಳಲ್ಲಿ ಏನೂ ಇರಲಿಲ್ಲ. ಡ್ರೈವರನಾದವನು ಗಾಡಿಯನ್ನು ಯಾರಿಗಾದರೂ ತಗುಲಿಸಿ, ಕೇಸಾಗಿ, ಕೋರ್ಟಿನಲ್ಲಿ ತಪ್ಪು ಅಂತ ತೀರ್ಮಾನವಾದರೆ ಅದನ್ನು ಆ ಪುಟಗಳಲ್ಲಿ ಬರೆದು ಮೊಹರು ಒತ್ತುತ್ತಿದ್ದರು. ಅಲ್ಲಿ ಬರಹ ಬಿದ್ದವನು ಲಾರಿ ಓಡಿಸಿಕೊಂಡು ಬದುಕಬಹುದಿತ್ತು. ಜನ ಕೂರುವ ಬಸ್ಸು ಓಡಿಸಲು ಎದೆಯ ಮೇಲೊಂದು ಬಿಲ್ಲೆ ಬೇಕು. ಬರಹ ಬಿದ್ದವನಿಗೆ ಆ ಬಿಲ್ಲೆ ಸಿಗುವುದೂ ಕಷ್ಟ, ಸಿಕ್ಕಿದ್ದು ಉಳಿಯುವುದೂ ಕಷ್ಟ. ಮಾವ ಹನ್ನೊಂದು ವರ್ಷ ಬಸ್ಸು ಓಡಿಸಿದ್ದ. ಆದರೂ ಆ ಪುಟಗಳು ಆಗತಾನೇ ಅಂಗಡಿಯಿಂದ ತಂದ ನೋಟುಬುಕ್ಕಿನ ಹಾಗಿದ್ದವು.

ಆಯುಧಪೂಜೆಯ ದಿನ ಸ್ಟೀರಿಂಗಿಗೆ ಕುಂಕುಮ ಇಟ್ಟ ಬೆರಳಿನಲ್ಲೇ ಆ ಪುಸ್ತಕಕ್ಕೂ ಇಡುತ್ತಿದ್ದ. ಮದುವೆ ಮನೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಾಗ ಬೇರೆಯವರು ಮಗಳ ಜಾತಕ ತೆಗೆದರೆ ಇವನು ಲೈಸೆನ್ಸು ತೆಗೆಯುತ್ತಿದ್ದ. ಅದು ಕೈಯಿಂದ ಕೈಗೆ ಹೋಗುತ್ತಿತ್ತು, ಎಲ್ಲರೂ ಪುಟ ತಿರುವಿ ತಲೆದೂಗುತ್ತಿದ್ದರು. ನಾನು ಆ ಹೊತ್ತಿಗೆ ಎದ್ದು ಚಪ್ಪರದಾಚೆ ಹೋಗಿಬಿಡುತ್ತಿದ್ದೆ. ಆ ಪುಟಗಳಲ್ಲಿ ಏನೇನು ಇರಬೇಕಿತ್ತು ಅನ್ನುವುದು ನನಗೆ ಗೊತ್ತಿತ್ತು. ನಾನು ಅವನ ಬಸ್ಸಿನ ಕಂಡಕ್ಟರ್.

ಅಪ್ಪ ಊರಿಗಾಂನಲ್ಲಿ ಚಿನ್ನದ ಗಣಿಯೊಳಗಿನ ಕೆಲಸಕ್ಕಿದ್ದವರು. ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು ಕೆಮ್ಮಿ ಕೆಮ್ಮಿ ಹೋದರು. ಅವರು ಹೋದ ಮೇಲೆ ಗಣಿ ಕಂಪನಿಯ ಲೈನಿನ ಮನೆ ಬಿಡಬೇಕಾಯಿತು. ಅಮ್ಮ ನನ್ನನ್ನು ಕರೆದುಕೊಂಡು ಬಂಗಾರಪೇಟೆ ರಸ್ತೆಯಲ್ಲಿದ್ದ ತನ್ನ ತವರೂರಿಗೆ ಬಂದಳು. ಮಾವ ಅವಳ ಬೆನ್ನಿಗೆ ಹುಟ್ಟಿದ ತಮ್ಮ. ಅವನು ಮನೆಯ ಅರ್ಧ ಭಾಗ ಬಿಟ್ಟುಕೊಟ್ಟ, ಎಮ್ಮೆ ಕಟ್ಟಿಕೊಟ್ಟ. ನನಗೆ ಇಪ್ಪತ್ತು ತುಂಬಿದಾಗ ಬಸ್ಸಿನ ಸಾಹುಕಾರರ ಕೈಕಾಲು ಹಿಡಿದು ತನ್ನ ಗಾಡಿಗೇ ಕಂಡಕ್ಟರ್ ಮಾಡಿಸಿದ. ನಾವು ಉಣ್ಣುತ್ತಿದ್ದ ಮುದ್ದೆ ಅವನದೇ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಮುಂದಿನದು ಉಪಕಾರ ಮರೆತವನ ಮಾತಿನ ಹಾಗೆ ಕೇಳಿಸಬಹುದು. ಕೇಳಿಸಿದರೆ ಕೇಳಿಸಲಿ.

ನಮ್ಮದು ಬಂಗಾರಪೇಟೆ ಸ್ಟೇಷನ್ನಿನಿಂದ ರಾಬರ್ಟ್‌ಸನ್‌ಪೇಟೆಗೆ ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಬಸ್ಸು. ಮುಂದೆ ಮೂಗು ಚಾಚಿಕೊಂಡಂಥ ಬಾನೆಟ್ಟು, ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ಇಂಜಿನ್ನು. ನಯಾಪೈಸೆ ಬಂದ ಹೊಸತು. ಹಳೆಯ ಕಾಸಿಗೂ ಹೊಸ ಕಾಸಿಗೂ ಜನ ನನ್ನ ಜೊತೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳವಾಡುತ್ತಿದ್ದರು.

ಕೆಲಸಕ್ಕೆ ಸೇರಿದ ಮೊದಲನೇ ತಿಂಗಳು ಒಂದು ಹಳ್ಳಿಯ ಹತ್ತಿರ ನಮ್ಮ ಬಸ್ಸು ಸೈಕಲ್ಲಿನವನೊಬ್ಬನನ್ನು ಒರಸಿಕೊಂಡು ಹೋಯಿತು. ಅವನು ಮೋರಿಗೆ ಬಿದ್ದು ಮುಂಗೈ ಮುರಿದುಕೊಂಡ. ಜನ ಸೇರಿದರು. ಇನ್ನು ಹೊಡೆತ ಬೀಳುತ್ತದೆ ಅಂತ ನಾನು ಟಿಕೆಟ್ ಚೀಲ ಬಿಗಿಯಾಗಿ ಹಿಡಿದುಕೊಂಡೆ. ಆದರೆ ಒಬ್ಬ ಹಿರಿಯರು ಬಂದು ಮಾವನನ್ನು ನೋಡಿ, "ಏನಪ್ಪಾ, ಉಣ್ತೀಯಾ, ಪೋಲೀಸ್ ಟೇಸನ್‌ಗೆ ಓಗ್ತೀಯಾ?" ಅಂತ ಕೇಳಿದರು. ಮಾವ ಕೈ ಮುಗಿದು, "ಉಣ್ತೀನಿ ಸಾಮಿ" ಅಂದ.

ಅದು ನಮ್ಮ ದಾರಿಯ ಹಳ್ಳಿಗಳ ಪದ್ಧತಿ. ಬಸ್ಸು ತಗುಲಿ ಪೆಟ್ಟಾದರೆ, ಜೀವಕ್ಕೆ ಅಪಾಯವಿಲ್ಲದಿದ್ದರೆ, ಡ್ರೈವರು ಆ ಪೆಟ್ಟಾದವನ ಮನೆಗೇ ಹೋಗಿ ನೆಲದ ಮೇಲೆ ಕೂತು ಉಣ್ಣಬೇಕು. ಇಕ್ಕಿದವರು ಉಂಡವನ ಮೇಲೆ ದೂರು ಕೊಡುವ ಹಾಗಿಲ್ಲ. ಉಂಡವನು ಆ ಮನೆಯನ್ನು ಕಷ್ಟದಲ್ಲಿ ಕೈಬಿಡುವ ಹಾಗಿಲ್ಲ. ಎಣ್ಣೆಪಟ್ಟಿ ಹಾಕುವವನನ್ನು ಕರೆತರುವುದು, ಮೂಳೆ ಕೂಡುವ ತನಕ ಬಂದು ವಿಚಾರಿಸುವುದು ಅವನ ಜವಾಬ್ದಾರಿ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರಲ್ಲ, ಅದರ ಮೇಲೆ ಕಟ್ಟಿಕೊಂಡ ಕೋರ್ಟು ಅದು. ಅದರಲ್ಲಿ ಇನ್ನೊಂದು ಕಲಮೂ ಇತ್ತು. ನಾನು ಬಸ್ಸಿನ ಹತ್ತಿರ ನಿಂತೇ ಇದ್ದಾಗ ಆ ಹಿರಿಯರು ನನ್ನ ಕಡೆ ಬೆರಳು ಮಾಡಿ, "ನೀನೂ ಬಾರಪ್ಪಾ. ಕಂಡೋನೂ ಉಣ್ಬೇಕು, ಉಂಡ್ಮ್ಯಾಲೆ ಎಲ್ಲೂ ಬಾಯ್ ಬಿಡ್ಬಾರ್ದು" ಅಂದರು.

ಉಂಡೆ. ಹುರುಳಿಕಾಳಿನ ಸಾರು, ಬಿಸಿ ಮುದ್ದೆ. ಕೈ ಮುರಿದವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ಇಕ್ಕಿದಳು. ಹಸಿವಾಗಿತ್ತು, ಊಟ ರುಚಿಯಾಗಿತ್ತು, ಅದನ್ನು ಈಗಲೂ ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ದಾರಿಯಲ್ಲಿ ಮಾವ ನಗುತ್ತಾ ಅಂದ: "ನೋಡ್ಲಾ, ಕೋರ್ಟಿಗೆ ಓದ್ರೆ ಅವ್ನ ಕೈಯೂ ಓಯ್ತು, ನನ್ ಬಿಲ್ಲೇನೂ ಓಯ್ತು. ಇಂಗಾದ್ರೆ ಇಬ್ರೂ ಬದುಕ್ಕಂಡ್ವಿ." ಅವನು ಹೇಳಿದ್ದು ಸುಳ್ಳೇನೂ ಅಲ್ಲ. ಆ ಮೇಲೆ ಎರಡು ತಿಂಗಳು ಪ್ರತಿ ವಾರವೂ ಬಸ್ಸು ನಿಲ್ಲಿಸಿ ಆ ಮನೆಗೆ ಹೋಗಿ ಬಂದ. ಮಾವ ಕೆಟ್ಟವನಾಗಿದ್ದರೆ ನನಗೆ ಎಲ್ಲವೂ ಸುಲಭವಾಗುತ್ತಿತ್ತು.

ಎರಡನೆಯದು ಸೊಪ್ಪಿನ ಗಂಟು ಹೊತ್ತ ಒಬ್ಬ ಮುದುಕಿ. ಮೂರನೆಯದು ರಸ್ತೆ ಕೆಲಸದ ಹೆಂಗಸು, ಪಾದದ ಮೇಲೆ ಚಕ್ರ ಹತ್ತಿತು. ಆ ಸಲ ನಾನು ಟಿಕೆಟ್ ಕೊಡುತ್ತಾ ಮುಂದಿನ ಸೀಟಿನ ಹತ್ತಿರವೇ ಇದ್ದೆ. ಹೆಂಗಸು ರಸ್ತೆಯಂಚಿನಲ್ಲಿ ಬಗ್ಗಿದ್ದು ನನಗೆ ಚೆನ್ನಾಗಿ ಕಾಣುತ್ತಿತ್ತು. ನಾನು "ಮಾವ" ಅಂದೆ. ಅವನು ತಿರುಗಲಿಲ್ಲ. ಕೈ ಸ್ಟೀರಿಂಗಿನ ಮೇಲೆ ಹಿಡಿದದ್ದು ಹಿಡಿದ ಹಾಗೇ ಇತ್ತು, ಕಣ್ಣು ತೆರೆದೇ ಇತ್ತು. ದವಡೆ ಮಾತ್ರ ಆಡುತ್ತಿತ್ತು. ಬಾಯಲ್ಲಿ ಎಲೆಯಿಲ್ಲ, ಅಡಿಕೆಯಿಲ್ಲ, ಏನನ್ನೋ ನಿಧಾನವಾಗಿ ಅಗಿಯುತ್ತಿದ್ದ. ಹೆಂಗಸು ಕಿರುಚಿದಳು. ಬಸ್ಸು ಇನ್ನೂ ಹತ್ತು ಮಾರು ಹೋಯಿತು. ಆಮೇಲೆ ಮಾವ ಬ್ರೇಕು ತುಳಿದು, ನನ್ನ ಕಡೆ ನೋಡಿ, "ಏನ್ಲಾ, ಏನಾಯ್ತು?" ಅಂದ.

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆ ಮನೆಯಲ್ಲಿ ಉಂಡು ಬರುವಾಗ ಕೇಳಿಯೇಬಿಟ್ಟೆ. ಮೊದಲು ರೇಗಿದ. ಆಮೇಲೆ, "ಒಂದೊಂದ್ ಸಲ ಅಂಗಾಯ್ತದೆ. ಲೈಟು ಓಗಿ ಬಂದಂಗೆ. ನಿಮ್ಮಮ್ಮನ್ಗೆ ಏಳ್ಬೇಡ" ಅಂದ. ಡಾಕ್ಟರಿಗೆ ತೋರಿಸೋಣ ಅಂದೆ. "ಡಾಕ್ಟ್ರು ಕಾಗ್ದದಲ್ಲಿ ಬರ್ದ್‌ಬುಟ್ರೆ ಬಿಲ್ಲೆ ಕಿತ್ಕತಾರೆ ಕಣ್ಲಾ. ಆಮ್ಯಾಕೆ ಎರಡು ಮನೆ ಒಲೆ ಯಾರ್ ಅಚ್ತಾರೆ, ನೀನಾ?"

ಗಣಿಯ ಊರಿನಲ್ಲಿ ಇದ್ದವರಿಗೆ ಒಂದು ಅಭ್ಯಾಸ ಆಗಿಬಿಡುತ್ತದೆ. ಆಗಾಗ ಕೆಳಗೆಲ್ಲೋ ಬಂಡೆ ಸಿಡಿದು ನೆಲ ಒಂದು ಸಲ ಅದುರುತ್ತದೆ. ಅಂಗಡಿಯ ಡಬ್ಬಗಳು ಕಿಣಿಕಿಣಿ ಅನ್ನುತ್ತವೆ. ಎಲ್ಲರೂ ಮಾತು ನಿಲ್ಲಿಸುತ್ತಾರೆ. ಅಪಾಯವಾದರೆ ಊದುವ ಗಣಿಯ ಸೈರನ್ನು, ಆ ಸಂಗು, ಕೂಗುತ್ತದೋ ಅಂತ ಕಿವಿಗೊಡುತ್ತಾರೆ. ಕೂಗದಿದ್ದರೆ ಚೌಕಾಸಿ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ನಾನೂ ಹಾಗೇ ಬದುಕಲು ಕಲಿತೆ. ಮಾವನ ದವಡೆ ಆಡಲು ಶುರುವಾದರೆ ಒಳಗೊಳಗೇ ಎಣಿಸುತ್ತಿದ್ದೆ. ಸಾಮಾನ್ಯವಾಗಿ ಆರಕ್ಕೆ ವಾಪಸು ಬರುತ್ತಿದ್ದ. ಕೆಲವು ಸಲ ಒಂಬತ್ತಾಗುತ್ತಿತ್ತು. ರಸ್ತೆ ಖಾಲಿಯಿದ್ದರೆ ಏನೂ ಆಗುತ್ತಿರಲಿಲ್ಲ, ಪ್ರಯಾಣಿಕರಿಗೆ ತಿಳಿಯುತ್ತಲೂ ಇರಲಿಲ್ಲ. ರಸ್ತೆ ಖಾಲಿಯಿಲ್ಲದಿದ್ದರೆ ಇನ್ನೊಂದು ಮನೆಯ ಊಟ.

ನಾಲ್ಕು ವರ್ಷದಲ್ಲಿ ಏಳು ಮನೆ ಆಯಿತು. ನನಗಿಂತ ಮುಂಚಿನ ಕಂಡಕ್ಟರ್ ಎಷ್ಟು ಮನೆಯಲ್ಲಿ ಉಂಡಿದ್ದನೋ ನಾನು ಕೇಳಲು ಹೋಗಲಿಲ್ಲ.

ಆಗ ಸಾಹುಕಾರರಿಗೆ ಹೊಸ ಪರ್ಮಿಟ್ಟು ಸಿಕ್ಕಿತು. ದೊಡ್ಡ ಬಸ್ಸು, ಹಳೆಯದರ ಎರಡರಷ್ಟು ಜನ ಹಿಡಿಸುತ್ತದೆ, ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಇಳಿದವರನ್ನು ತುಂಬಿಕೊಂಡು ರಾಬರ್ಟ್‌ಸನ್‌ಪೇಟೆಗೆ ಬೇಗ ಮುಟ್ಟಿಸಬೇಕು. ಅದನ್ನು ಯಾರು ಓಡಿಸಬೇಕು ಅನ್ನುವ ಪ್ರಶ್ನೆ ಬಂತು. ಕಂಪನಿಯಲ್ಲಿ ಡ್ರೈವರುಗಳು ಇಬ್ಬರೇ, ಮಾವ ಮತ್ತು ಮೈಸೂರು ಮೈನ್ಸ್ ಕಡೆಯ ಒಬ್ಬ ತಮಿಳಿನವರು. ಅವರು ಗಾಡಿಯನ್ನು ಕೈಹಿಡಿದು ನಡೆಸಿದ ಹಾಗೆ ಓಡಿಸುತ್ತಿದ್ದರು. ಬ್ರೇಕ್ ಇನ್ಸ್‌ಪೆಕ್ಟರ್ ಬಂದು ಬಸ್ ಸ್ಟ್ಯಾಂಡಿನಲ್ಲೇ ಇಬ್ಬರ ಪುಸ್ತಕವನ್ನೂ ಬಾನೆಟ್ಟಿನ ಮೇಲೆ ಬಿಡಿಸಿಟ್ಟುಕೊಂಡು ನೋಡಿದರು.

ತಮಿಳಿನವರ ಪುಸ್ತಕದಲ್ಲಿ ಎರಡು ಬರಹ ಇದ್ದವು. ಒಂದು ಹಿಂದಿನ ಲೈಟು ಉರಿಯದೆ ಓಡಿಸಿದ್ದಕ್ಕೆ. ಇನ್ನೊಂದು ಎತ್ತಿನ ಗಾಡಿಗೆ ತಗುಲಿಸಿದ್ದಕ್ಕೆ. ಅವರು ತಾವೇ ಠಾಣೆಗೆ ಹೋಗಿ ಹೇಳಿ ಬಂದಿದ್ದರಂತೆ. ಇನ್ಸ್‌ಪೆಕ್ಟರು ಆ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ಮಾವನ ಪುಸ್ತಕ ತೆಗೆದು ಖಾಲಿ ಪುಟಗಳನ್ನು ಎರಡೆರಡು ಸಲ ತಿರುವಿದರು. "ಹನ್ನೊಂದು ವರ್ಷ, ಒಂದು ಗೆರೆ ಇಲ್ಲ. ಇಂಥವರು ಬೇಕು" ಅಂತ ಸಾಹುಕಾರರಿಗೆ ಹೇಳಿದರು. ಆಮೇಲೆ ಸುಮ್ಮನೆ ಪದ್ಧತಿಗೆ ಅನ್ನುವ ಹಾಗೆ ನನ್ನ ಕಡೆ ತಿರುಗಿ, "ನೀನು ಇವರ ಜೊತೆ ನಾಲ್ಕು ವರ್ಷದಿಂದ ಇದ್ದೀಯಲ್ಲಪ್ಪಾ. ಹೇಳುವಂಥದ್ದು ಏನಾದರೂ ಇದೆಯೇ?" ಅಂದರು.

ಮಾವ ನನ್ನನ್ನು ನೋಡಲಿಲ್ಲ. ಅಂಗಿಯ ಮೇಲಿನ ಬಿಲ್ಲೆಯನ್ನು ಬೆರಳಿನಲ್ಲಿ ಒರೆಸುತ್ತಿದ್ದ. ನಾನು, "ಏನೂ ಇಲ್ಲ ಸಾರ್" ಅಂದೆ. ಹೆದರಿ ಹೇಳಿದ್ದಲ್ಲ. ಏಳು ಮನೆಯಲ್ಲಿ ನಾನೂ ಕೈ ತೊಳೆದುಕೊಂಡು ಎದ್ದವನು, ಉಂಡದ್ದನ್ನು ಆಡಬಾರದು ಅಂತಲೇ ನಂಬಿದ್ದೆ. ಹಾಗೆ ನಂಬುವುದು ಅನುಕೂಲವೂ ಆಗಿತ್ತು.

ತಮಿಳಿನವರನ್ನು ಬಸ್ಸಿನಿಂದ ಇಳಿಸಿ ಸಾಹುಕಾರರ ಲಾರಿಗೆ ಹಾಕಿದರು. ಹೋಗುವಾಗ ಅವರು ನನ್ನ ಹತ್ತಿರ ಬಂದು ನಿಂತರು. "ತಂಬೀ, ನನ್ ಬುಕ್ಕಲ್ಲಿ ಎರಡು ಇದೆ. ಎರಡೂ ನಾನು ಮಾಡಿದ್ದೇ. ನಿಮ್ ಮಾಮ ಬುಕ್ಕಲ್ಲಿ ಒಂದೂ ಇಲ್ಲ. ಅವರು ಮಾಡಿದ್ದೆಲ್ಲಾ ಎಲ್ಲಿ ಹೋಯ್ತು?" ಅಂದರು. ಕೋಪವಿರಲಿಲ್ಲ ಅವರ ಮಾತಿನಲ್ಲಿ, ದಾರಿ ಕೇಳಿದ ಹಾಗಿತ್ತು. ನಾನು ಚಿಲ್ಲರೆ ಎಣಿಸುವವನಂತೆ ಚೀಲದೊಳಗೆ ಕೈ ಹಾಕಿದೆ.

ಹೊಸ ಬಸ್ಸಿನ ಇಂಜಿನ್ನು ನುಣ್ಣಗೆ ಓಡುತ್ತಿತ್ತು, ವೇಗವೂ ಹೆಚ್ಚು. ಹಳೆಯ ಬಸ್ಸಿನಲ್ಲಿ ಆರು ಎಣಿಸುವಷ್ಟರಲ್ಲಿ ಮೂವತ್ತು ಮಾರು ಹೋಗುತ್ತಿದ್ದದ್ದು ಇದರಲ್ಲಿ ಐವತ್ತಕ್ಕೂ ಮೇಲಾಯಿತು. ನಾನೊಂದು ಉಪಾಯ ಮಾಡಿಕೊಂಡಿದ್ದೆ. ಹಿಂದಿನ ಬಾಗಿಲು ಬಿಟ್ಟು ಆದಷ್ಟೂ ಮಾವನ ಬೆನ್ನ ಹಿಂದೆಯೇ ನಿಲ್ಲುವುದು, ದವಡೆ ಆಡಿದರೆ ಭುಜ ಹಿಡಿದು ಅಲುಗಿಸುವುದು. ಅಲುಗಿಸಿದರೂ ಅವನು ತನ್ನ ಹೊತ್ತಿಗೇ ಬರುತ್ತಿದ್ದ ಅನ್ನುವುದು ಬೇರೆ ಮಾತು. ಆದರೂ ಕಾವಲಿದ್ದೇನಲ್ಲ ಅಂತ ನನಗೆ ಧೈರ್ಯ. ನಾಯಿ ಬೊಗಳಿದರೆ ದೇವಲೋಕ ಹಾಳಾಗದು ಅನ್ನುತ್ತಾರೆ. ನಾಯಿ ಬೊಗಳದೆ ಬಾಲ ಮಡಚಿ ಕೂತರೆ ಏನಾಗುತ್ತದೆ ಅಂತ ಯಾರೂ ಗಾದೆ ಮಾಡಿಲ್ಲ.

ಅಮ್ಮ ವಾರಕ್ಕೆ ಮೂರು ದಿನ ಮೊಸರಿನ ಗಡಿಗೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ರಾಬರ್ಟ್‌ಸನ್‌ಪೇಟೆಗೆ ಮಾರಲು ಬರುತ್ತಿದ್ದಳು. ನಮ್ಮೂರ ಗೇಟಿನ ಹೊಂಗೆಮರದ ಕೆಳಗೆ ನಿಂತು ಕೈ ಎತ್ತುತ್ತಿದ್ದಳು. ಬೇರೆಯವರು ಬಸ್ಸು ಪೂರ್ತಿ ನಿಲ್ಲುವ ತನಕ ಮರದ ಕೆಳಗೇ ಇರುತ್ತಿದ್ದರು. ಅಮ್ಮ ಮಾತ್ರ ಬಸ್ಸು ಹತ್ತಿರ ಬರುವಾಗಲೇ ರಸ್ತೆ ದಾಟುತ್ತಿದ್ದಳು. ಏಕೆಂದರೆ ಗಡಿಗೆ ಅಲುಗಬಾರದೆಂದು ಬುಟ್ಟಿಯನ್ನು ಆಚೆ, ಡ್ರೈವರನ ಪಕ್ಕದಿಂದ ಮಾವನ ಕೈಗೇ ಕೊಡುತ್ತಿದ್ದಳು, ಅವನು ಅದನ್ನು ತನ್ನ ಕಾಲ ಬಳಿ ಇಟ್ಟುಕೊಳ್ಳುತ್ತಿದ್ದ. ನಾನು ಒಂದೆರಡು ಸಲ ಬೈದಿದ್ದೆ. "ನನ್ ತಮ್ಮ ಓಡ್ಸೋ ಬಸ್ಸಿಗೆ ನಾನ್ಯಾಕ್ಲಾ ಎದರ್ಲಿ?" ಅಂದಿದ್ದಳು. ಆಗಲಾದರೂ ನಾನು ಬಾಯಿ ಬಿಡಲಿಲ್ಲ.

ಆ ದಿನ ಸಂತೆಯ ನೂಕುನುಗ್ಗಲು. ನಾನು ಹಿಂದಿನ ಬಾಗಿಲ ಹತ್ತಿರ ಜನರ ನಡುವೆ ಸಿಕ್ಕಿಕೊಂಡಿದ್ದೆ. ಕಿಟಕಿಯಿಂದ ಹೊಂಗೆಮರ ಕಂಡಿತು. ನಿಲ್ಲಿಸು ಅಂತ ಒಂದು ಸೀಟಿ ಊದಿದೆ. ಬಸ್ಸಿನ ವೇಗ ಇಳಿಯಲಿಲ್ಲ. ಇನ್ನೊಮ್ಮೆ ಊದಿದೆ. ಜನರ ತಲೆಗಳ ಮೇಲಿಂದ ಮಾವನ ಬೆನ್ನು ಕಾಣುತ್ತಿತ್ತು, ನೆಟ್ಟಗೆ, ಅಲುಗಾಡದೆ. ಅವನ ಮುಖ ನನಗೆ ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಎಣಿಸುತ್ತಿದ್ದೆ. ನಾಲ್ಕಕ್ಕೆ ಮಣ್ಣಿನ ಗಡಿಗೆಗಳು ಒಡೆದ ಸದ್ದು ಕೇಳಿಸಿತು.

ಅಮ್ಮ ಉಳಿದಳು. ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು. ಆಸ್ಪತ್ರೆಗೆ ಬಂದ ಹೆಡ್ ಕಾನ್‌ಸ್ಟೇಬಲ್ಲಿಗೆ ಅವಳು ಕಣ್ಣು ಬಿಟ್ಟ ದಿನವೇ, "ನಾನೇ ಎಡವಿ ಬಿದ್ದೆ ಸಾಮಿ. ನನ್ ತಮ್ಮನ್ದು ಏನೂ ತಪ್ಪಿಲ್ಲ" ಅಂದಳು. ಮಾವ ಆಸ್ಪತ್ರೆಯ ಜಗಲಿ ಬಿಟ್ಟು ಏಳದೆ ಅಳುತ್ತಿದ್ದ, ನಿಜವಾದ ಅಳು. ಉಳಿದದ್ದು ನನ್ನ ಹೇಳಿಕೆ. ಕಂಡಕ್ಟರ್ ಏನು ಹೇಳುತ್ತಾನೋ ಅದರ ಮೇಲೆ ಕೇಸು ಅಂತ ಹೆಡ್ ಕಾನ್‌ಸ್ಟೇಬಲ್ ಅಂದರು. ಅಮ್ಮನನ್ನು ಮನೆಗೆ ಕರೆತಂದ ದಿನ ಮಧ್ಯಾಹ್ನ ತಾವೇ ನಮ್ಮೂರಿಗೆ ಬಂದು ಬರೆದುಕೊಳ್ಳುವುದಾಗಿ ತಿಳಿಸಿದ್ದರು.

ಅವರು ಬರುವ ಮುಂಚೆ ಮಾವ ಬಂದ. ಒಂದೇ ಮನೆಯ ಆ ಭಾಗದಿಂದ ಈ ಭಾಗಕ್ಕೆ ಬರಲು ಕಾಲು ತೊಳೆದುಕೊಂಡು, ಮಡಿ ಪಂಚೆ ಉಟ್ಟು ಬಂದ. ಗೋಡೆಗೆ ಒರಗಿ ನೆಲದ ಮೇಲೆ ಕೂತ. ಇದು ಎಂಟನೆಯ ಮನೆ ಅಂತ ನನಗೆ ಹೊಳೆದದ್ದು ಆಗ. ಅಮ್ಮ ಚಾಪೆಯ ಮೇಲೆ ದಿಂಬಿಗೆ ಒರಗಿದ್ದಳು. ಅವಳಿಗೂ ಪದ್ಧತಿ ಗೊತ್ತಿತ್ತು, ಆ ರಸ್ತೆಯಲ್ಲಿ ಹುಟ್ಟಿದವಳು ತಾನೇ. ಒಳಗೆ ನಾನು ಮುದ್ದೆ ತಿರುವಿಟ್ಟಿದ್ದೆ.

"ಎರಡು ತಟ್ಟೆ ಆಕು" ಅಂದಳು. "ಅವ್ನಿಗೊಂದು, ನಿಂಗೊಂದು. ಪೋಲೀಸ್ನೋರು ಬರೋದ್ರೊಳಗೆ ಉಂಡ್ಬುಡ್ರಿ. ನನ್ ಕಾಲು ಓಗಿದ್ದು ಓಯ್ತು, ಅವ್ನ ಬಿಲ್ಲೆ ಉಳೀಲಿ."

ಎರಡು ತಟ್ಟೆ ಹಾಕಿದೆ. ನಾನು ಇಕ್ಕಿ, ನಾನೂ ಅವನ ಜೊತೆ ಉಂಡುಬಿಟ್ಟರೆ ಆ ಪುಟಗಳು ಖಾಲಿಯೇ ಉಳಿಯುತ್ತವೆ, ನಾಡಿದ್ದಿನಿಂದ ಮಾವ ಮತ್ತೆ ಬಸ್ಸು ಹತ್ತುತ್ತಾನೆ. ಮುದ್ದೆಯ ಮಡಕೆ ಹಿಡಿದು ಬಂದು ಅವನೆದುರು ಬಗ್ಗಿದೆ. ಕೊನೆಗೂ ನಾನು ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಇಕ್ಕಿಯೇಬಿಡುತ್ತಿದ್ದೆ ಅಂತ ಕಾಣುತ್ತದೆ.

ಮಾವ ತಟ್ಟೆಯ ಕಡೆ ಕೈ ಚಾಚಿದ. ಕೈ ಅರ್ಧದಲ್ಲಿ ನಿಂತಿತು. ಕಣ್ಣು ತೆರೆದೇ ಇತ್ತು. ಖಾಲಿ ತಟ್ಟೆಯ ಮುಂದೆ ಕೂತು ದವಡೆ ಆಡಿಸತೊಡಗಿದ, ನಿಧಾನವಾಗಿ, ಚೆನ್ನಾಗಿ ನುರಿಸುವ ಹಾಗೆ.

ಅಮ್ಮ ಮೊದಲು ನಕ್ಕಳು. "ಏನ್ಲಾ, ಇಕ್ಕೋಕ್ ಮುಂಚೇನೇ ಉಣ್ತಾ ಇದ್ದೀಯ" ಅಂದಳು. ಅವನ ದವಡೆ ನಿಲ್ಲಲಿಲ್ಲ. "ತಮ್ಮಾ" ಅಂದಳು. ಮತ್ತೆ, "ತಮ್ಮಾ." ಆಮೇಲೆ ಗಾಬರಿಯಿಂದ ನನ್ನ ಕಡೆ ತಿರುಗಿದವಳು ಹಾಗೇ ನನ್ನ ಬಾಯನ್ನು ನೋಡುತ್ತಾ ಇದ್ದುಬಿಟ್ಟಳು. ನನ್ನ ತುಟಿ ಅಲುಗುತ್ತಿತ್ತು. ಬಸ್ಸಿನಲ್ಲಿ ಮಾಡಿ ಮಾಡಿ ರೂಢಿಯಾದದ್ದು, ನನಗೇ ತಿಳಿಯದೆ ಮೆಲ್ಲಗೆ, ಕೇಳಿಸುವ ಹಾಗೇ ಎಣಿಸುತ್ತಿದ್ದೆ. ನಾಲ್ಕು. ಐದು. ಆರು.

ಮಾವ ಬರಲಿಲ್ಲ. "ಒಂಬತ್ತಕ್ಕೆ ಬರ್ತಾನೆ" ಅಂದೆ.

ಒಂಬತ್ತಕ್ಕೆ ಬಂದ. ನಮ್ಮಿಬ್ಬರನ್ನೂ ನೋಡಿ, "ಯಾಕ್ಲಾ ನಿಂತ್ಕಂಡೆ, ಇಕ್ಕು" ಅಂದ.

ಅಮ್ಮ ಅವನ ಕಡೆ ನೋಡಲೇ ಇಲ್ಲ. "ನಿಂಗೆ ಗೊತ್ತಿತ್ತಾ?" ಅಂತ ನನ್ನನ್ನು ಕೇಳಿದಳು.

"ಗೊತ್ತಿತ್ತು."

"ಯಾವಾಗ್ನಿಂದ?"

"ಮೂರು ವರ್ಷಕ್ಕಿಂತ ಮೇಲಾಯ್ತು."

ಅವಳು ಸೀರೆಯ ಅಂಚನ್ನು ಎಳೆದು ಕಾಲಿಲ್ಲದ ಜಾಗದ ಮೇಲೆ ಸರಿಮಾಡಿಕೊಂಡಳು. ಮಾವನಿಗೆ ಆಗ ಅರ್ಥವಾಯಿತು. ಚಾಚಿದ್ದ ಕೈಯನ್ನು ಹಿಂದೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ.

"ಅವ್ನ ತಟ್ಟೆ ಎತ್ತು" ಅಂದಳು ಅಮ್ಮ. ಎತ್ತಿದೆ. ಒಳಗಿಟ್ಟು ಬರುವಷ್ಟರಲ್ಲಿ ಮತ್ತೆ ಅಂದಳು: "ನಿಂದೂ ಎತ್ತು."

ಹೆಡ್ ಕಾನ್‌ಸ್ಟೇಬಲ್ ಬಂದಾಗ ಮಡಕೆಯಲ್ಲಿ ಮುದ್ದೆ ಹಾಗೇ ಇತ್ತು. ಅವರು ಜಗಲಿಯ ಮೇಲೆ ಕೂತು ಕಾಗದ ತೆಗೆದರು. ಮಾವ ಬಾಗಿಲ ಪಕ್ಕ ನಿಂತಿದ್ದ, ಲೈಸೆನ್ಸನ್ನು ತಾನಾಗಿಯೇ ತಂದು ಅವರ ಪಕ್ಕದಲ್ಲಿ ಇಟ್ಟಿದ್ದ. ಆ ದಿನ ಬೆಳಿಗ್ಗೆ ಏನಾಯಿತು ಹೇಳು ಅಂದರು. ಆ ಬೆಳಿಗ್ಗೆಯಿಂದ ಹೇಳಿದರೆ ಸಾಲದು ಸಾರ್ ಅಂದು, ನಾನು ಮೊದಲನೆಯ ಮನೆಯಿಂದ ಶುರು ಮಾಡಿದೆ.